ಉಣ್ಣೆ ಬಟ್ಟೆಗೆ ಹತ್ತಿದ ಅಂಟುಮುಳ್ಳು ಬಿಡಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ದೀಪಾವಳಿ ಮುಗಿಯಿತು ಅಂದರೆ ನನ್ನ ಫೋನಿಗೆ ಒಂದೇ ಥರದ ಫೋಟೋಗಳು ಬರಲು ಶುರು. ಸ್ವೆಟರಿನ ತೋಳು, ಅದರ ತುಂಬ ಕಂದು ಬೀಜ, ಕೆಳಗೆ ಒಂದು ಸಾಲು: "ಅಣ್ಣಾ, ಇದನ್ನ ಹೆಂಗ್ ತಗಿಯೋದು?" ಪುಣೆಯಲ್ಲಿ ನಾವು ಏಳೆಂಟು ಜನ ಕನ್ನಡದವರು ಭಾನುವಾರ ಬೆಳಿಗ್ಗೆ ಯಾವುದಾದರೂ ಕೋಟೆ ಹತ್ತುತ್ತೇವೆ. ಸಿಂಹಗಡ, ರಾಜಗಡ, ಪುರಂದರ, ಏನೂ ಆಗದಿದ್ದರೆ ಮನೆ ಹತ್ತಿರದ ವೇತಾಳ ಟೇಕಡಿ (ಟೇಕಡಿ ಅಂದರೆ ಇಲ್ಲಿಯವರ ಭಾಷೆಯಲ್ಲಿ ಗುಡ್ಡ). ಇಳಿದು ಬಂದ ಮೇಲೆ ಪಿಟ್ಲ ಭಾಕರಿ ತಿನ್ನುವಾಗ ಎಲ್ಲರೂ ಮಂಗಗಳ ಹಾಗೆ ಒಬ್ಬರ ಬೆನ್ನಿನಿಂದ ಒಬ್ಬರು ಬೀಜ ಕೀಳುತ್ತಾ ಕೂತಿರುತ್ತೇವೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಿ ಸಾಕಾಯಿತು, ಅದಕ್ಕೇ ಎಲ್ಲ ಒಂದೇ ಕಡೆ ಬರೆದಿದ್ದೇನೆ.

ಪೂರ್ತಿ ಓದಲು ಟೈಮ್ ಇಲ್ಲದವರಿಗೆ ಒಂದೇ ಮಾತು. ಮುಳ್ಳೆಲ್ಲ ಬಿಡಿಸುವವರೆಗೂ ಆ ಬಟ್ಟೆಗೆ ನೀರು ತೋರಿಸಬೇಡಿ.

ಬರೇ ಚಳಿಗಾಲದಲ್ಲೇ ಯಾಕೆ ಇಷ್ಟೊಂದು ಹತ್ತುತ್ತವೆ?

ಬಲಿತ ಬೀಜ, ನಮ್ಮ ಸ್ವೆಟರ್ ಎರಡೂ ಒಂದೇ ಹೊತ್ತಿಗೆ ಹೊರಗೆ ಬರುತ್ತವೆ, ಅದಕ್ಕೆ. ಸಹ್ಯಾದ್ರಿಯಲ್ಲಿ ಮಳೆಗಾಲಕ್ಕೆ ಹುಟ್ಟಿದ ಗಿಡ ಸೆಪ್ಟೆಂಬರಿನಲ್ಲಿ ಹೂ ಬಿಟ್ಟು ಅಕ್ಟೋಬರ್ ನಂತರ ಒಣಗಲು ಶುರುವಾಗುತ್ತದೆ. ಬೀಜ ಬಲಿತು, ಯಾರಾದರೂ ಹಾದು ಹೋಗಲಿ ಅಂತ ಕಾದು ಕೂತಿರುತ್ತದೆ. ನಾವು ಅದೇ ಹೊತ್ತಿಗೆ ಟ್ರಂಕಿನಿಂದ ಸ್ವೆಟರ್ ತೆಗೆಯುತ್ತೇವೆ. ಡಿಸೆಂಬರ್ ಜನವರಿಯಲ್ಲಿ ಪುಣೆಯ ಬೆಳಗಿನ ಚಳಿ ಕೆಲವು ದಿನ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ, ಕೋಟೆಯ ಮೇಲೆ ಗಾಳಿ ಬೇರೆ. ಮುಂಬೈ, ಗೋವಾದವರಿಗೆ ಈ ಕಷ್ಟ ಕಮ್ಮಿ, ಅಲ್ಲಿ ಉಣ್ಣೆ ಹಾಕುವಷ್ಟು ಚಳಿಯೇ ಇಲ್ಲ.

ಇನ್ನು ಉಣ್ಣೆಯ ಕಥೆ. ಉಣ್ಣೆಯ ಎಳೆ ನೇರ ಇರುವುದಿಲ್ಲ, ಗುಂಗುರು ಕೂದಲಿನ ಹಾಗೆ ಸುರುಳಿ ಸುರುಳಿ. ಜೊತೆಗೆ ಪ್ರತಿ ಎಳೆಯ ಮೇಲೂ ಮೀನಿನ ಪೊರೆಯ ಥರ ಸಣ್ಣ ಸಣ್ಣ ಪದರ ಇರುತ್ತದೆ. ಮುಳ್ಳಿನ ಕೊಕ್ಕೆಗೆ ಹಿಡಿದುಕೊಳ್ಳಲು ಇದಕ್ಕಿಂತ ಒಳ್ಳೆ ಜಾಗ ಸಿಗುವುದಿಲ್ಲ. ಈ ಗಿಡಗಳು ನಮ್ಮ ಸ್ವೆಟರಿಗೆ ಅಂತ ಕೊಕ್ಕೆ ಬೆಳೆಸಿಕೊಂಡವಲ್ಲ, ಪ್ರಾಣಿಗಳ ಮೈಗೂದಲಿಗೆ ಬೆಳೆಸಿಕೊಂಡವು. ನಾವು ಕುರಿಯ ಕೂದಲು ಹೊದ್ದು ಹೋದರೆ ಗಿಡಕ್ಕೆ ನಾವೂ ಕುರಿಯೇ.

ಬೇಟೆಯ ಉಣ್ಣೆ ಕೋಟಿಗೂ ಇದೇ ಉಪಾಯ ನಡೆಯುತ್ತಾ? ನಮ್ಮಲ್ಲಿ ಬೇಟೆಯೇ ನಿಷೇಧ ಅಲ್ವಾ?

ನಿಷೇಧ ಹೌದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಆದರೆ ಕೋಟು ಹಾಕಿಕೊಳ್ಳಲು ನಿಷೇಧ ಇಲ್ಲ. ಪುಣೆಯ ಜುನಾ ಬಾಜಾರಿನಲ್ಲಿ ಬುಧವಾರ, ಭಾನುವಾರ ಸುತ್ತಾಡಿದರೆ ಇಂಥ ಹಳೇ ಫಾರಿನ್ ಕೋಟುಗಳು ಆಗಾಗ ಸಿಗುತ್ತವೆ. ನಮ್ಮ ಗುಂಪಿನ ಒಬ್ಬರ ಸೋದರಮಾವ ಜರ್ಮನಿಯಿಂದ ಬರುವಾಗ ಹಸಿರು ಲೋಡನ್ ಕೋಟು, ಅಂದರೆ ಬೇಟೆಗೆ ಹಾಕುವ ಗಟ್ಟಿ ಉಣ್ಣೆ ಕೋಟು, ತಂದುಕೊಟ್ಟಿದ್ದಾರೆ. ಇವರು ಅದನ್ನು ಹಾಕಿಕೊಂಡು ರಾಜಗಡ ಹತ್ತಿದರು. ಕೆಳಗಿನ ಊರಿನ ಹುಡುಗರು "ಇನ್ಸ್‌ಪೆಕ್ಟರ್ ಸಾಹೇಬ್" ಅಂತ ಸೆಲ್ಯೂಟ್ ಹೊಡೆದರು, ಅದು ಬೇರೆ ಮಾತು.

ಚಳಿ ದೇಶದ ಬೇಟೆಗಾರರು ಉಣ್ಣೆ ಹಾಕುವುದಕ್ಕೆ ಎರಡು ಕಾರಣ. ಒಂದು, ಪೊದೆಗೆ ತಾಗಿದರೂ ನೈಲಾನಿನ ಹಾಗೆ ಸರಸರ ಸದ್ದು ಮಾಡುವುದಿಲ್ಲ. ಇನ್ನೊಂದು, ಒದ್ದೆಯಾದರೂ ಬೆಚ್ಚಗಿರುತ್ತದೆ. ಉಣ್ಣೆ ತನ್ನ ತೂಕದ ಸುಮಾರು 30 ಪರ್ಸೆಂಟ್ ತೇವ ಹೀರಿಕೊಂಡರೂ ಕೈಗೆ ಒದ್ದೆ ಅನಿಸುವುದಿಲ್ಲ. ಆದರೆ ಬೇಟೆ ಅಂದರೆ ದಾರಿ ಬಿಟ್ಟು ಪೊದೆಯಲ್ಲೇ ನುಗ್ಗಬೇಕು, ಹಾಗಾಗಿ ಮುಳ್ಳಿನ ಕಾಟವೂ ಅವರಿಗೇ ಜಾಸ್ತಿ. ಬೂಟು, ಬ್ಯಾಗಿಗೆ ಇರುವ ಅಂಟುಪಟ್ಟಿ ವೆಲ್ಕ್ರೋ ಹುಟ್ಟಿದ್ದೇ ಇದರಿಂದ. 1941ರಲ್ಲಿ ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಾಲ್ ಅನ್ನುವ ಎಂಜಿನಿಯರ್ ನಾಯಿ ಕರೆದುಕೊಂಡು ಆಲ್ಪ್ಸ್ ಬೆಟ್ಟದಲ್ಲಿ ಬೇಟೆಗೆ ಹೋಗಿ ಬಂದಾಗ ಬಟ್ಟೆಗೂ ನಾಯಿಗೂ ಬರ್ಡಾಕ್ ಗಿಡದ ಅಂಟುಕಾಯಿ ಹತ್ತಿತ್ತು. ನಾವಾಗಿದ್ದರೆ ಬೈದುಕೊಂಡು ಕಿತ್ತು ಬಿಸಾಕುತ್ತಿದ್ದೆವು. ಅವರು ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ನೋಡಿದರು, ಕೊಕ್ಕೆ ಕಂಡಿತು, 1955ರಲ್ಲಿ ಪೇಟೆಂಟ್ ಸಿಕ್ಕಿತು.

ನಮ್ಮ ಕೋಟೆಗಳ ಮೇಲೆ ಬರ್ಡಾಕ್ ಇಲ್ಲ. ಆದರೆ ಬಿಡಿಸುವ ರೀತಿ ಅದೇ. ಲೋಡನ್ ಥರದ ಕೋಟನ್ನು ಮೊದಲೇ ನೀರಿನಲ್ಲಿ ತಿಕ್ಕಿ ತಿಕ್ಕಿ ಗಟ್ಟಿ ಮಾಡಿರುತ್ತಾರೆ, ಎಳೆಗಳ ನಡುವೆ ಸಂದು ಕಮ್ಮಿ, ಮುಳ್ಳು ಮೇಲೇ ನಿಲ್ಲುತ್ತದೆ. ಕೈಯಲ್ಲಿ ಹೆಣೆದ ಸ್ವೆಟರ್ ಇದಕ್ಕೆ ಪೂರ್ತಿ ಉಲ್ಟಾ. ಅದರೊಳಗೆ ಹೊಕ್ಕ ಬೀಜ ಸಂಸಾರ ಹೂಡಿಬಿಡುತ್ತದೆ.

ನನ್ನ ಬಟ್ಟೆಗೆ ಹತ್ತಿರುವುದು ಯಾವ ಮುಳ್ಳು ಅಂತ ಹೇಗೆ ತಿಳಿಯುವುದು? ತಿಳಿದು ಏನಾಗಬೇಕು?

ಆಗಬೇಕು. ಒಂದೊಂದರ ಕೊಕ್ಕೆ ಒಂದೊಂದು ದಿಕ್ಕಿಗೆ ಇರುತ್ತದೆ. ದಿಕ್ಕು ಗೊತ್ತಿಲ್ಲದೆ ಎಳೆದರೆ ಬೀಜದ ಜೊತೆ ನೂಲೂ ಬರುತ್ತದೆ.

ಉತ್ತರಾಣಿ. ನೂರಕ್ಕೆ ತೊಂಬತ್ತು ಫೋಟೋಗಳಲ್ಲಿ ಇರುವುದು ಇದೇ. ಜೀರಿಗೆ ಕಾಳಿನಷ್ಟು ದೊಡ್ಡದು, ಒಣಹುಲ್ಲಿನ ಬಣ್ಣ, ಸಾಲಾಗಿ ಹತ್ತಿರುತ್ತದೆ. ಗಣೇಶನ ಇಪ್ಪತ್ತೊಂದು ಪತ್ರೆಯಲ್ಲಿ ಅಪಾಮಾರ್ಗ ಅಂತ ಬರುತ್ತದಲ್ಲ, ಅದೇ. ಇಲ್ಲಿ ಆಘಾಡಾ ಅನ್ನುತ್ತಾರೆ, ಶ್ರಾವಣದಲ್ಲಿ ಮಾರ್ಕೆಟ್ಟಿನಲ್ಲಿ ಕಟ್ಟು ಕಟ್ಟಿ ಮಾರುತ್ತಾರೆ. ಭಾದ್ರಪದದಲ್ಲಿ ದೇವರ ತಲೆ ಮೇಲೆ, ಕಾರ್ತಿಕದಲ್ಲಿ ನಮ್ಮ ಕಾಲಿಗೆ. ಅದರ ಕಡ್ಡಿಯಲ್ಲಿ ಬೀಜ ತಲೆ ಕೆಳಗೆ ಮಾಡಿಕೊಂಡು ಕೂತಿರುತ್ತದೆ, ಮುಳ್ಳಿನಂಥ ಚೂಪು ಎಸಳು ಎರಡು ಪಕ್ಕದಲ್ಲಿ.

ಮರುಳುಮತ್ತಿ. ದೊಡ್ಡದು, ಔಡಲಕಾಯಿ ನೆನಪಾಗುತ್ತದೆ, ಮೈತುಂಬ ಬಾಗಿದ ಕೊಕ್ಕೆ, ತುದಿಯಲ್ಲಿ ಎರಡು ಕೊಂಬು. ಕೋಟೆಯ ಮೇಲೆ ಅಷ್ಟಾಗಿ ಕಾಣುವುದಿಲ್ಲ, ಕೆಳಗೆ ಹೊಳೆ ದಂಡೆ, ಒಣಗಿದ ಕೆರೆ, ಗಾಡಿ ನಿಲ್ಲಿಸುವ ಬಯಲು, ಅಲ್ಲಿ ಸಿಗುತ್ತದೆ. ಮರಾಠಿಯಲ್ಲಿ ಇದಕ್ಕೆ ಶಂಕೇಶ್ವರ ಅನ್ನುವ ಹೆಸರೂ ಇದೆ. ನಮ್ಮ ಅವ್ವನಿಗೆ ಇದನ್ನು ಹೇಳಿದಾಗ "ಹೌದು ಬಿಡು, ನಮ್ಮ ಸಂಕೇಶ್ವರದ ಬೀಗರೂ ಹಿಂಗ, ಹಿಡದ್ರ ಬಿಡಂಗಿಲ್ಲ" ಅಂದಳು.

ಕುಸಳಿ ಹುಲ್ಲು. ಇದು ಇಲ್ಲಿಯವರ ಹೆಸರು. ತುದಿ ಈಟಿಯ ಹಾಗೆ ಚೂಪು, ಹಿಂದೆ ಕಪ್ಪನೆಯ ಉದ್ದ ಬಾಲ, ಬಾಲಕ್ಕೆ ಹಗ್ಗದ ಹಾಗೆ ಹುರಿ. ಎಲ್ಲಕ್ಕಿಂತ ಕೆಟ್ಟದ್ದು ಇದೇ, ಕೆಳಗೆ ಬೇರೆಯಾಗಿ ಬರೆದಿದ್ದೇನೆ.

ಕಪ್ಪು ಸೂಜಿ ಬೀಜ. ಸೂಜಿಯ ಹಾಗೆ ಸಣ್ಣಗೆ, ಒಂದು ತುದಿಯಲ್ಲಿ ಎರಡೋ ಮೂರೋ ಕವಲು. ಬೈಡೆನ್ಸ್ ಅನ್ನುವ ಗಿಡದ್ದು. ಲೋಣಾವಳಾ, ಮಹಾಬಳೇಶ್ವರದ ಕಡೆ ಹೋಗಿ ಬಂದವರಿಗೆ ಗೊತ್ತು.

ನೆಗ್ಗಿಲು ಬಟ್ಟೆಗೆ ಹತ್ತುವುದು ಕಮ್ಮಿ, ಬೂಟಿನ ಅಡಿಗೆ ಚುಚ್ಚಿಕೊಂಡು ಮನೆಗೆ ಬರುತ್ತದೆ, ರಾತ್ರಿ ಬರಿಗಾಲಲ್ಲಿ ನೀರು ಕುಡಿಯಲು ಎದ್ದವರಿಗೆ ಸಿಗುತ್ತದೆ. ಗೋವಾದಿಂದ ಫೋಟೋ ಕಳಿಸಿ ಕೇಳಿದವರ ಬಟ್ಟೆಯ ಪುಟ್ಟ ರೋಮದ ಕಾಯಿ ನಾಚಿಕೆ ಮುಳ್ಳಿನದು, ಒಣಗಿದ ಮೇಲೆ ಬ್ರಷ್ ಹೊಡೆದರೆ ಉದುರುತ್ತದೆ, ತಲೆ ಕೆಡಿಸಿಕೊಳ್ಳಬೇಡಿ.

ಮೊದಲು ಒಗೆದುಬಿಟ್ಟರೆ ಮೆತ್ತಗಾಗಿ ತಾನೇ ಬಿಡುತ್ತಲ್ವಾ?

ಇಲ್ಲ. ಇದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ. ಮದುವೆಯಾದ ಹೊಸದರಲ್ಲಿ ಅತ್ತೆ ಕೈಯಾರೆ ಹೆಣೆದು ಕೊಟ್ಟ ಬೂದು ಸ್ವೆಟರ್ ಒಂದಿತ್ತು. ತೋರಣಾ ಕೋಟೆ ಹತ್ತಿ ಬಂದ ರಾತ್ರಿ ಸುಸ್ತಾಗಿ, ಉತ್ತರಾಣಿ ಸಮೇತ ಅದನ್ನು ವಾಷಿಂಗ್ ಮಷೀನಿಗೆ ಹಾಕಿ ಮಲಗಿಬಿಟ್ಟೆ. ಬಿಸಿ ನೀರು, ಜೋರು ಸುತ್ತು. ಬೆಳಿಗ್ಗೆ ಹೊರಗೆ ತೆಗೆದಾಗ ಅದು ನಾಲ್ಕು ವರ್ಷದ ಮಗುವಿನ ಸ್ವೆಟರ್ ಆಗಿತ್ತು, ಅದೂ ದಪ್ಪ ರಟ್ಟಿನ ಹಾಗೆ, ಬೀಜಗಳು ಕಡುಬಿನ ಹೂರಣದ ಥರ ಒಳಗೆ.

ಆಗುವುದು ಇಷ್ಟು. ಬಿಸಿ, ತೇವ, ತಿಕ್ಕಾಟ ಮೂರೂ ಸೇರಿದಾಗ ಉಣ್ಣೆ ಎಳೆಯ ಪದರಗಳು ಒಂದಕ್ಕೊಂದು ಸಿಕ್ಕಿಕೊಂಡು ಬಿಗಿಯುತ್ತವೆ. ಒಮ್ಮೆ ಬಿಗಿದ ಮೇಲೆ ವಾಪಸ್ ಇಲ್ಲ. ನಡುವೆ ಸಿಕ್ಕ ಬೀಜವೂ ಗೋಡೆಯಲ್ಲಿ ಸೇರಿಸಿ ಕಟ್ಟಿದ ಹಾಗೆ ಅಲ್ಲೇ ಉಳಿಯುತ್ತದೆ. ಬಟ್ಟೆ ಇಬ್ಬನಿಗೆ ಒದ್ದೆಯಾಗಿ ಬಂದಿದ್ದರೂ ಆಗಲೇ ಮುಟ್ಟಬೇಡಿ. ನೆರಳಿನಲ್ಲಿ ಹರವಿ, ಪೂರ್ತಿ ಒಣಗಲಿ, ಮಾರನೇ ದಿನ ಕೂರಿ.

ಸರಿ, ಒಣಗಿದೆ. ಈಗ ಎಲ್ಲಿಂದ ಶುರು ಮಾಡಲಿ?

ಬಾಲ್ಕನಿಗೆ ಹೋಗಿ. ಒಳಗೆ ಮಾಡಿದರೆ ಬೀಜ ಸೋಫಾಕ್ಕೆ ಹೋಗುತ್ತದೆ, ಅಲ್ಲಿಂದ ಮತ್ತೆ ನಿಮಗೇ. ಕೆಳಗೆ ಹಳೇ ಪೇಪರ್ ಹಾಸಿ, ತೆಳು ಬಣ್ಣದ್ದಾದರೆ ಒಳ್ಳೆಯದು, ಬಿದ್ದಿದ್ದು ಕಾಣುತ್ತದೆ. ಬಟ್ಟೆಯನ್ನು ಜೋರಾಗಿ ಎರಡು ಸಲ ಝಾಡಿಸಿ. ಸುಮ್ಮನೆ ಹತ್ತಿಕೊಂಡಿದ್ದೆಲ್ಲ ಅಲ್ಲೇ ಉದುರುತ್ತದೆ. ಘಾಟಿನ ಕಡೆ ಕುರಿ ಹೊಡೆದುಕೊಂಡು ಬರುವ ಧನಗರ (ಇಲ್ಲಿಯ ಕುರಿಗಾಹಿಗಳು) ಅಜ್ಜಂದಿರನ್ನು ನೋಡಿದ್ದೀರಾ? ಘೊಂಗಡಿಯನ್ನು, ಅಂದರೆ ಕಂಬಳಿಯನ್ನು, ಗಿಡದ ಕೊಂಬೆಗೆ ಹಾಕಿ ಕೋಲಿನಿಂದ ನಾಲ್ಕು ಬಾರಿಸುತ್ತಾರೆ, ಅರ್ಧ ಕೆಲಸ ಮುಗಿಯಿತು. ಗಟ್ಟಿ ಕಂಬಳಿಗೆ, ಕೋಟಿಗೆ ಹಾಗೆ ಮಾಡಬಹುದು, ಸ್ವೆಟರಿಗೆ ಬೇಡ.

ಆಮೇಲೆ ಬಟ್ಟೆಯನ್ನು ಮಡಿಲಲ್ಲಿ ಗುಡ್ಡೆ ಹಾಕಿಕೊಳ್ಳಬೇಡಿ. ತೊಡೆಯ ಮೇಲೆ ಒಂದು ಮಣೆಯೋ ಚಪಾತಿ ಹಲಗೆಯೋ ಇಟ್ಟು, ಅದರ ಮೇಲೆ ಅಂಗೈ ಅಗಲದ ಜಾಗ ಮಾತ್ರ ಬಿಗಿಯಾಗಿ ಹರವಿ. ಒಂದು ಅಂಗೈ ಮುಗಿಸಿ ಇನ್ನೊಂದಕ್ಕೆ ಹೋಗಿ. ಅಲ್ಲೊಂದು ಇಲ್ಲೊಂದು ಕೀಳುತ್ತಾ ಕೂತರೆ ಸಂಜೆಯಾದರೂ ಮುಗಿಯುವುದಿಲ್ಲ, ಅಳು ಬರುತ್ತದೆ.

ಯಾವ ಸಾಮಾನು ಬೇಕು? ಆನ್‌ಲೈನಲ್ಲಿ ಏನಾದರೂ ತರಿಸಲಾ?

ಏನೂ ತರಿಸಬೇಡಿ. ಹೇನು ಬಾಚುವ ಸೀರಣಿಗೆ, ಹುಬ್ಬು ಕೀಳುವ ಚಿಮಟ, ಒಂದು ದಪ್ಪ ಸೂಜಿ, ಸಣ್ಣ ಇಕ್ಕಳ. ಇಷ್ಟೇ. ಲಿಂಟ್ ರೋಲರಿಗೆ ಧೂಳು, ಕೂದಲು ಹತ್ತುತ್ತದೆ, ಕೊಕ್ಕೆ ಹಾಕಿಕೊಂಡ ಬೀಜ ಅದಕ್ಕೆ ನಗುತ್ತದೆ. ವೆಲ್ಕ್ರೋ ಪಟ್ಟಿಯಿಂದ ಉಜ್ಜಿ ತೆಗೆಯಬಹುದು ಅಂತ ಒಬ್ಬರು ಹೇಳಿದರು. ದಯವಿಟ್ಟು ಬೇಡ, ಕೊಕ್ಕೆ ತೆಗೆಯಲು ಇನ್ನೂ ಸಾವಿರ ಕೊಕ್ಕೆ ಹಚ್ಚಿದ ಹಾಗೆ.

ಸೀರಣಿಗೆಯ ವಿಷಯ ಕಲಿಸಿದ್ದು ಅವ್ವ. ಕೊಥ್ರೂಡಿನ ನಮ್ಮ ಮನೆಗೆ ಬಂದಾಗ ಅಜ್ಜನ ಕಾಲದ ಕರಿಕಂಬಳಿ ತಂದಿದ್ದಳು. ನಾನು ಅದನ್ನು ಕೇಳದೇ ಪುರಂದರಕ್ಕೆ ಒಯ್ದು, ಮೇಲೆ ಹಾಸಿ ಮಲಗಿ, ಉತ್ತರಾಣಿಯ ಹೊಲವನ್ನೇ ಮನೆಗೆ ತಂದೆ. ಬೈಗುಳ ಮುಗಿದ ಮೇಲೆ ಅವಳು ಬಾಲ್ಕನಿಯ ಬಿಸಿಲಲ್ಲಿ ಕಾಲು ಚಾಚಿ ಕೂತಳು, ಕನ್ನಡಕ ಮೂಗಿನ ತುದಿಗೆ. ಕಂಬಳಿಯನ್ನು ಎಡಗೈಯಿಂದ ಒತ್ತಿ ಹಿಡಿದು, ಸೀರಣಿಗೆಯನ್ನು ನಿಲ್ಲಿಸದೆ ಮಲಗಿಸಿ, ಬೀಜದ ಕೆಳಗೆ ಹಲ್ಲು ತೂರಿಸಿ ಸುಮ್ನೆ ಮೇಲಕ್ಕೆ ಎತ್ತಿದಳು. ಎಳೆಯಲಿಲ್ಲ, ಎತ್ತಿದಳು ಅಷ್ಟೇ. ಐದಾರು ಬೀಜ ಒಮ್ಮೆಲೇ ಹಲ್ಲಿನ ಮೇಲೆ ಕೂತು ಬಂದವು. ನಾನು ಪಕ್ಕದಲ್ಲಿ ಉಗುರಿನಿಂದ ಒಂದೊಂದೇ ಕೀಳುತ್ತಿದ್ದೆ. "ಎಳೀಬ್ಯಾಡೋ, ಎಬ್ಬಿಸು. ಮಲಗಿದ್ದ ಕೂಸನ್ನ ಎಬ್ಬಿಸಿದಂಗ" ಅಂದಳು. ಆ ಕಂಬಳಿ ಎರಡು ಮಧ್ಯಾಹ್ನ ತಿಂದಿತು.

ಉತ್ತರಾಣಿ ಸರಿ. ದೊಡ್ಡ ಕೊಕ್ಕೆಯ ಮರುಳುಮತ್ತಿಗೆ?

ಅದಕ್ಕೆ ಸೀರಣಿಗೆ ನಡೆಯುವುದಿಲ್ಲ, ಹಲ್ಲು ಮುರಿಯುತ್ತದೆ. ಇಕ್ಕಳದಲ್ಲಿ ಕಾಯಿಯನ್ನು ಹಗುರಕ್ಕೆ ಹಿಡಿದು ಸ್ವಲ್ಪ ಮೇಲೆತ್ತಿ. ಕೆಳಗೆ ಡೇರೆಯ ಹಗ್ಗದ ಹಾಗೆ ಉಣ್ಣೆ ಎಳೆಗಳು ಬಿಗಿಯಾಗಿ ನಿಲ್ಲುವುದು ಕಾಣುತ್ತದೆ. ಈಗ ಸೂಜಿಯಿಂದ ಒಂದು ಪಕ್ಕದ ಎಳೆಗಳನ್ನು ಕೊಕ್ಕೆಯಿಂದ ಜಾರಿಸಿ. ಆ ಪಕ್ಕ ಸಡಿಲವಾದ ಮೇಲೆ ಕಾಯಿಯನ್ನು ಇನ್ನೊಂದು ಪಕ್ಕಕ್ಕೆ ಉರುಳಿಸಿ, ಬಿಟ್ಟುಬಿಡುತ್ತದೆ. ಇಕ್ಕಳದಿಂದ ಪುಡಿ ಮಾಡಿ ತೆಗೆಯೋಣ ಅಂತ ಕೆಲವರಿಗೆ ಆಸೆ. ವಿದೇಶದ ಬರ್ಡಾಕ್ ಪುಡಿಯಾಗುತ್ತದೆ. ಮರುಳುಮತ್ತಿಯ ಮೈ ಕಟ್ಟಿಗೆಯ ಹಾಗೆ ಗಟ್ಟಿ, ಒಡೆದರೆ ಚೂರುಗಳೂ ಮುರಿದ ಕೊಕ್ಕೆಗಳೂ ಎಲ್ಲ ಕಡೆ ಹರಡಿ ಒಂದರ ಬದಲು ಹತ್ತಾಗುತ್ತವೆ.

ಬೆರಳು ಜೋಪಾನ. ಒಣಗಿದ ಕೊಕ್ಕೆ ಚರ್ಮಕ್ಕೂ ಹೋಗುತ್ತದೆ, ಹೋಗಿ ಮುರಿಯುತ್ತದೆ.

ಕುಸಳಿ ಹುಲ್ಲಿನ ಬಗ್ಗೆ ಬೇರೆಯಾಗಿ ಬರೆಯುತ್ತೇನೆ ಅಂದಿರಿ?

ಹೌದು. ಇದು ಹತ್ತುವ ಬೀಜ ಅಲ್ಲ, ಕೊರೆಯುವ ಬೀಜ. ಅದರ ಬಾಲ ಹುರಿ ಹಾಕಿದ ಹಗ್ಗದ ಹಾಗೆ ಇದೆ ಅಂದೆನಲ್ಲ, ತೇವ ತಾಗಿದರೆ ಆ ಹುರಿ ಬಿಚ್ಚಿಕೊಳ್ಳುತ್ತದೆ, ಒಣಗಿದರೆ ಮತ್ತೆ ಸುತ್ತಿಕೊಳ್ಳುತ್ತದೆ. ಹೀಗೆ ಬಿಚ್ಚಿ ಸುತ್ತಿ, ಬಿಚ್ಚಿ ಸುತ್ತಿ, ಮುಂದಿನ ಈಟಿಯನ್ನು ಬೈರಿಗೆಯ ಥರ ತಿರುಗಿಸುತ್ತದೆ. ನೆಲಕ್ಕೆ ಬಿದ್ದಾಗ ತನ್ನನ್ನು ತಾನೇ ಮಣ್ಣಿಗೆ ನೆಟ್ಟುಕೊಳ್ಳಲು ಗಿಡ ಮಾಡಿಕೊಂಡ ಏರ್ಪಾಡು ಅದು. ಕುರಿಯ ಮೈಗೆ ಬಿದ್ದರೆ ಉಣ್ಣೆ ದಾಟಿ ಚರ್ಮಕ್ಕೆ ಹೋಗುತ್ತದೆ. ನಂಬದಿದ್ದರೆ ಒಂದು ಬೀಜವನ್ನು ಒದ್ದೆ ಅಂಗೈಯಲ್ಲಿ ಇಟ್ಟು ನೋಡಿ, ಒಂದೆರಡು ನಿಮಿಷದಲ್ಲಿ ಬಾಲ ಜೀವ ಇರುವ ಹಾಗೆ ತಿರುಗಲು ಶುರು ಮಾಡುತ್ತದೆ. ನಮ್ಮ ಮನೆಯ ಮಕ್ಕಳಿಗೆ ಇದು ಟಿವಿಗಿಂತ ಇಷ್ಟ.

ಅಂದಮೇಲೆ ಇದು ಇರುವ ಬಟ್ಟೆಗೆ ನೀರು ಹಾಕಿದರೆ ಏನಾಗುತ್ತದೆ ಅಂತ ನೀವೇ ಯೋಚಿಸಿ. ಬೆವರೂ ಸಾಕು ಅದಕ್ಕೆ.

ತೆಗೆಯುವ ರೀತಿಯೂ ಉಲ್ಟಾ. ಈಟಿಯ ತುದಿಯಲ್ಲಿ ಹಿಂದಕ್ಕೆ ಬಾಗಿದ ರೋಮ ಇರುತ್ತದೆ, ಬಾಲ ಹಿಡಿದು ಎಳೆದರೆ ಬಾಲ ಮಾತ್ರ ಕೈಗೆ ಬರುತ್ತದೆ, ತುದಿ ಒಳಗೇ ಉಳಿಯುತ್ತದೆ. ಹಾಗೆ ಉಳಿದ ತುದಿ ಕಣ್ಣಿಗೆ ಕಾಣುವುದಿಲ್ಲ, ಸ್ವೆಟರ್ ಹಾಕಿಕೊಂಡಾಗ ಚುಚ್ಚುತ್ತದೆ ಅಷ್ಟೇ. ಆದ್ದರಿಂದ ಬಟ್ಟೆಯನ್ನು ಒಳಮಗ್ಗುಲು ಮಾಡಿ, ತುದಿ ಎಲ್ಲಿ ಹೊರಬಂದಿದೆ ನೋಡಿ, ಅದನ್ನು ಚಿಮಟದಲ್ಲಿ ಹಿಡಿದು, ಹೊಕ್ಕ ದಿಕ್ಕಿನಲ್ಲೇ ಮುಂದಕ್ಕೆ ಎಳೆಯಿರಿ. ಸೂಜಿ ದಾರ ಎಳೆದ ಹಾಗೆ ಬಾಲ ಸಮೇತ ನುಣ್ಣಗೆ ಬರುತ್ತದೆ. ತುದಿ ಹೊರಗೆ ಕಾಣದಿದ್ದರೆ ಬಟ್ಟೆಯನ್ನು ಬೆರಳಿನ ಮೇಲೆ ಬಾಗಿಸಿ, ಹೊರಗೆ ಬರುತ್ತದೆ. ಕಪ್ಪು ಸೂಜಿ ಬೀಜಕ್ಕೂ ಇದೇ ಉಪಾಯ, ಅದರ ಕವಲಿನಲ್ಲೂ ಹಿಮ್ಮುಖ ಮುಳ್ಳಿದೆ.

ಕಾಲುಚೀಲ?

ಸೀಮೆಎಣ್ಣೆ ಹಾಕಿ ಸುಡಿ ಅನ್ನಬೇಕು ಅನಿಸುತ್ತದೆ. ತಮಾಷೆ. ಒಂದು ಸ್ಟೀಲ್ ಲೋಟವನ್ನೋ ಹಳೇ ಟೆನಿಸ್ ಚೆಂಡನ್ನೋ ಒಳಗೆ ತೂರಿಸಿ ಕಾಲುಚೀಲವನ್ನು ಬಿಗಿ ಮಾಡಿಕೊಂಡು ಕೆಲಸ ಮಾಡಿ, ಬೇಗ ಆಗುತ್ತದೆ. ಹಿಮ್ಮಡಿ, ಬೆರಳಿನ ಕಡೆ ಒಳಗಿನಿಂದಲೂ ನೋಡಿ. ಹಳೇ ಜೋಡಿಯಾದರೆ ಅದಕ್ಕೆ ಒಂದೂವರೆ ಗಂಟೆ ಕೊಡುವುದು ದಂಡ, ಬಿಸಾಕಿ.

ಕೊಬ್ಬರಿ ಎಣ್ಣೆ, ಕಂಡೀಷನರ್ ಹಚ್ಚಿದರೆ ಜಾರಿ ಬರುತ್ತದಂತೆ. ಫ್ರೀಜರಿನಲ್ಲಿ ಇಟ್ಟರೆ? ಬೆಂಕಿ ತೋರಿಸಿದರೆ?

ಎಣ್ಣೆಯ ಉಪಾಯ ನಾಯಿಯ ಕೂದಲಿಗೆ ಸರಿ, ಬಟ್ಟೆಗೆ ಅಲ್ಲ. ಜಾರುವುದೇನೋ ಜಾರುತ್ತದೆ, ಆಮೇಲೆ ಎಣ್ಣೆ ತೆಗೆಯಲು ಉಜ್ಜಿ ಒಗೆಯಬೇಕು, ಉಜ್ಜಿದರೆ ಉಣ್ಣೆ ಕುಗ್ಗುತ್ತದೆ. ಫ್ರೀಜರಿನಲ್ಲಿ ಇಟ್ಟು ನಾನೂ ನೋಡಿದೆ, ಬೀಜವೂ ತಣ್ಣಗಾಯಿತು ಸ್ವೆಟರೂ ತಣ್ಣಗಾಯಿತು, ಹೆಂಡತಿ ಮಾತ್ರ ಬಿಸಿಯಾದಳು. ಬೆಂಕಿ ಖಂಡಿತ ಬೇಡ. ಉಣ್ಣೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ ನಿಜ, ಆದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಮೇಲ್ಮೈ ಕರಕಲಾಗುತ್ತದೆ.

ಮಿಲ್ಲಿನಲ್ಲಿ ಆಸಿಡ್ ಹಾಕಿ ತೆಗೆಯುತ್ತಾರೆ ಅಂತ ಕೇಳಿದ್ದೇನೆ, ಮನೆಯಲ್ಲಿ ಮಾಡಬಹುದಾ?

ಕೇಳಿದ್ದು ನಿಜ, ಮಾಡಬೇಡಿ. ಕುರಿಯ ಮೈಯಿಂದ ಬಂದ ಉಣ್ಣೆಯಲ್ಲಿ ಇಂಥದೇ ಮುಳ್ಳು, ಹುಲ್ಲು ತುಂಬಿರುತ್ತದೆ. ಮಿಲ್ಲಿನವರು ಅದನ್ನು ನೀರು ಬೆರೆಸಿದ ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಅದ್ದಿ, ಬಿಸಿಯಲ್ಲಿ ಒಣಗಿಸುತ್ತಾರೆ. ಮುಳ್ಳು ಗಿಡದ ವಸ್ತು, ಅದು ಸುಟ್ಟು ಇದ್ದಿಲಾಗುತ್ತದೆ. ಉಣ್ಣೆ ಕೂದಲಿನ ಜಾತಿ, ಆ ಆಸಿಡ್ ತಡೆದುಕೊಳ್ಳುತ್ತದೆ. ಆಮೇಲೆ ರೋಲರಿನಲ್ಲಿ ಹಿಂಡಿ ಪುಡಿ ಉದುರಿಸುತ್ತಾರೆ. ಅದಕ್ಕೆ ಅಳತೆ ಇದೆ, ಯಂತ್ರ ಇದೆ. ನಿಮ್ಮ ಬಚ್ಚಲಿನ ಆಸಿಡ್ ಬಾಟಲಿಗೆ ಅದ್ಯಾವುದೂ ಇಲ್ಲ.

ಇದರ ಜೊತೆ ಒಂದು ಎಚ್ಚರಿಕೆ. ಉಣ್ಣೆಗೆ ಆಸಿಡ್‌ಗಿಂತ ಕ್ಷಾರದ ಭಯ ಜಾಸ್ತಿ. ವಾಷಿಂಗ್ ಸೋಡಾ ಅದನ್ನು ಹಾಳು ಮಾಡುತ್ತದೆ, ಬಟ್ಟೆ ಬಿಳಿ ಮಾಡುವ ಕ್ಲೋರಿನ್ ಬ್ಲೀಚ್ ಅಂತೂ ಉಣ್ಣೆಯನ್ನು ಕರಗಿಸಿಯೇ ಬಿಡುತ್ತದೆ. ಮುಳ್ಳು ಉಳಿಯುತ್ತದೆ, ಸ್ವೆಟರ್ ಹೋಗುತ್ತದೆ.

ಡ್ರೈಕ್ಲೀನಿಂಗಿಗೆ ಕೊಟ್ಟರೆ ಅವರೇ ತೆಗೆಯುತ್ತಾರಲ್ವಾ?

ಡ್ರೈಕ್ಲೀನಿಂಗಿನ ದ್ರಾವಣ ಎಣ್ಣೆ ಜಿಡ್ಡು ಬಿಡಿಸುತ್ತದೆ, ಮುಳ್ಳು ಅದಕ್ಕೆ ಕರಗುವುದಿಲ್ಲ. ಡ್ರಮ್ಮಿನಲ್ಲಿ ಸುತ್ತುವಾಗ ಕಾಲರಿನ ಬೀಜ ಬೆನ್ನಿಗೆ ಹೋಗುತ್ತದೆ ಅಷ್ಟೇ. ನಾನೊಮ್ಮೆ ಮನೆ ಹತ್ತಿರದ ಅಂಗಡಿಗೆ ಕೊಟ್ಟಿದ್ದೆ. ಅವರು ನೀಟಾಗಿ ಇಸ್ತ್ರಿ ಮಾಡಿ, ಕವರ್ ಹಾಕಿ, ಉತ್ತರಾಣಿಯನ್ನು ಚಪ್ಪಟೆ ಮಾಡಿ ಕೊಟ್ಟರು. ಚಪ್ಪಟೆಯಾದ ಬೀಜದ ಕೆಳಗೆ ಸೀರಣಿಗೆಯ ಹಲ್ಲೂ ಹೋಗುವುದಿಲ್ಲ. ಬಿಡಿಸಿ ಆಮೇಲೆ ಕೊಡಿ.

ಎಳೆಯುವಾಗ ನೂಲು ಹೊರಗೆ ಬಂದುಬಿಟ್ಟಿತು. ಕತ್ತರಿಸಲಾ?

ಬೇಡ ಬೇಡ. ಕತ್ತರಿಸಿದರೆ ಅಲ್ಲಿಂದ ತೂತು ಶುರು. ಕ್ರೋಶಾ ಕಡ್ಡಿ ಇದ್ದರೆ ಒಳಗಿನಿಂದ ತೂರಿಸಿ ಆ ಕುಣಿಕೆಯನ್ನು ಹಿಂಬದಿಗೆ ಎಳೆದುಕೊಳ್ಳಿ. ಆಮೇಲೆ ಆ ಜಾಗವನ್ನು ಉದ್ದಕ್ಕೆ, ಅಡ್ಡಕ್ಕೆ ಮೆಲ್ಲಗೆ ಜಗ್ಗಿ, ಪಕ್ಕದ ಹೊಲಿಗೆಗಳು ಹೆಚ್ಚಿನ ನೂಲನ್ನು ತಾವೇ ಹಂಚಿಕೊಳ್ಳುತ್ತವೆ. ಗುಂಜು ಎದ್ದಿದ್ದರೆ ಬ್ಯಾಟರಿಯ ಸ್ವೆಟರ್ ಶೇವರ್ ಓಡಿಸಬಹುದು, ಆದರೆ ಒಂದೂ ಬೀಜ ಉಳಿದಿಲ್ಲ ಅಂತ ಖಾತ್ರಿಯಾದ ಮೇಲೆ ಮಾತ್ರ.

ಎಲ್ಲ ತೆಗೆದಾಯಿತು. ಈಗಲಾದರೂ ಒಗೆಯಬಹುದಾ?

ಒಗೆಯಿರಿ. ತಣ್ಣೀರು, ಅಥವಾ ಕೈಗೆ ಬಿಸಿ ಅನಿಸದಷ್ಟು ಉಗುರುಬೆಚ್ಚಗಿನ ನೀರು, 30 ಡಿಗ್ರಿ ಮೀರದಿರಲಿ. ಉಣ್ಣೆಗೆ ಅಂತಲೇ ಬರುವ ಲಿಕ್ವಿಡ್ ಹಾಕಿ, ಇಲ್ಲದಿದ್ದರೆ ಅಂಟುವಾಳದ ಕಾಯಿ ನೆನೆಸಿ ಹಿಂಡಿದ ನೀರು, ನಮ್ಮ ಅಜ್ಜಿಯರು ರೇಷ್ಮೆಗೂ ಉಣ್ಣೆಗೂ ಹಾಕುತ್ತಿದ್ದದ್ದೇ ಅದು. ಉಜ್ಜಬೇಡಿ, ಅದ್ದಿ ಒತ್ತಿ ತೆಗೆಯಿರಿ. ಕೊನೆಯ ನೀರಿಗೆ ಒಂದು ಚಮಚ ಬಿಳಿ ವಿನೆಗರ್ ಹಾಕಿದರೆ ಉಳಿದ ಸೋಪು ಹೋಗುತ್ತದೆ. ಹಿಂಡಬಾರದು. ಟವೆಲ್ಲಿನಲ್ಲಿ ಸುರುಳಿ ಸುತ್ತಿ ಒತ್ತಿ, ನೆರಳಿನಲ್ಲಿ ಹಾಸಿ ಒಣಗಿಸಿ. ಹ್ಯಾಂಗರಿಗೆ ಹಾಕಿದರೆ ತೋಳು ಮೊಣಕಾಲಿಗೆ ಬರುತ್ತದೆ.

ಕರಿಕಂಬಳಿ ಇದ್ದವರು ಮಾತ್ರ ಸುಮ್ಮಸುಮ್ಮನೆ ಒಗೆಯಬೇಡಿ. ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ, ಅದರಿಂದಲೇ ಆ ಬಿಗಿ. ಬಿಸಿಲಿಗೆ ಹಾಕಿ ಝಾಡಿಸಿದರೆ ಸಾಕು.

ಹತ್ತದ ಹಾಗೆ ಏನಾದರೂ ಮಾಡಬಹುದಾ?

ಉಣ್ಣೆ ಒಳಗೆ, ನುಣುಪು ಬಟ್ಟೆ ಹೊರಗೆ. ಸ್ವೆಟರಿನ ಮೇಲೆ ತೆಳು ವಿಂಡ್‌ಚೀಟರ್, ಕಾಲಿಗೆ ಗೇಟರ್ (ಬೂಟಿನ ಮೇಲಿಂದ ಮೊಣಕಾಲಿನವರೆಗೆ ಮುಚ್ಚುವ ಕವರ್), ಅದು ಇಲ್ಲದಿದ್ದರೆ ಹಳೇ ಪಾಲಿಯೆಸ್ಟರ್ ಪ್ಯಾಂಟಿನ ಕಾಲು ಕತ್ತರಿಸಿ ಇಲಾಸ್ಟಿಕ್ ಹೊಲಿಸಿಕೊಳ್ಳಿ. ನಾನು ಹಾಗೇ ಮಾಡಿದ್ದೇನೆ, ನೋಡಲು ಬ್ಯಾಂಡ್‌ಸೆಟ್ಟಿನವನ ಹಾಗೆ ಕಾಣುತ್ತೇನೆ, ಪರವಾಗಿಲ್ಲ. ಕಾಲುದಾರಿಯ ನಡುವೆ ನಡೆಯಿರಿ. ಸೆಲ್ಫಿಗಾಗಿ ಹುಲ್ಲಿನಲ್ಲಿ ಕೂರುವವರಿಗೆ ನನ್ನ ಹತ್ತಿರ ಉಪಾಯ ಇಲ್ಲ.

ನಾಯಿಯನ್ನೂ ಟೇಕಡಿಗೆ ಕರೆದುಕೊಂಡು ಹೋಗುತ್ತೇವೆ...

ಹಾಗಾದರೆ ಬಟ್ಟೆಗಿಂತ ಮೊದಲು ಅದನ್ನು ನೋಡಿ. ಕಿವಿಯ ಒಳಗೆ, ಕಂಕುಳು, ಪಂಜದ ಬೆರಳುಗಳ ನಡುವೆ. ಕುಸಳಿಯ ಈಟಿ ಚರ್ಮದೊಳಗೆ ಹೋದರೆ ಕೀವಾಗುತ್ತದೆ. ನಾಯಿ ತಲೆ ಒದರುತ್ತಿದ್ದರೆ ಅಥವಾ ಒಂದೇ ಪಂಜ ನೆಕ್ಕುತ್ತಿದ್ದರೆ ನೀವೇ ಚಿಮಟ ಹಾಕಲು ಹೋಗದೆ ಡಾಕ್ಟರ ಹತ್ತಿರ ಒಯ್ಯಿರಿ.

ತೆಗೆದ ಬೀಜ ಎಲ್ಲಿ ಹಾಕಲಿ? ಕೆಳಗೆ ಸೊಸೈಟಿಯ ಗಾರ್ಡನ್ ಇದೆ.

ಗಾರ್ಡನ್ನಿಗೆ ಹಾಕಿದರೆ ಗಿಡದ ಕೆಲಸ ನೀವೇ ಮಾಡಿಕೊಟ್ಟ ಹಾಗಾಯಿತು, ಅದಕ್ಕೆ ಬೇಕಾಗಿದ್ದೂ ಅದೇ. ಮರುಳುಮತ್ತಿಯ ಒಂದು ಕಾಯಿಯಲ್ಲಿ ಎರಡು ಬೀಜ ಇರುತ್ತವೆ, ಒಂದು ಮೊದಲು ಮೊಳೆಯುತ್ತದೆ, ಇನ್ನೊಂದು ತಡವಾಗಿ. ಈ ವರ್ಷ ಕಿತ್ತರೂ ಮುಂದಿನ ವರ್ಷ ತಮ್ಮ ಬರುತ್ತಾನೆ. ಹಾಸಿದ ಪೇಪರನ್ನೇ ಬಿಗಿಯಾಗಿ ಮಡಚಿ, ಟೇಪು ಸುತ್ತಿ, ಒಣಕಸಕ್ಕೆ ಹಾಕಿ. ಬಿಡಿಯಾಗಿ ಹಾಕಬೇಡಿ. ನಮ್ಮ ಕಸವನ್ನು ಕೈಯಲ್ಲಿ ಬೇರೆ ಮಾಡುವ ಹೆಂಗಸರಿಗೆ ಚುಚ್ಚುತ್ತದೆ. ನಮ್ಮ ಬಿಲ್ಡಿಂಗಿಗೆ ಬರುವ ಮಾವಶಿ ಒಮ್ಮೆ ಬೆರಳು ತೋರಿಸಿ ಕೇಳಿದರು, "ದಾದಾ, ಇದು ನಿಮ್ಮನೆಯದೇ ಅಲ್ವಾ?" ಅವತ್ತಿನಿಂದ ಟೇಪು ಸುತ್ತುತ್ತೇನೆ.

ಎಲ್ಲ ತೆಗೆದಿದ್ದೇನೆ, ಆದರೂ ಎಲ್ಲೋ ಒಂದು ಚುಚ್ಚುತ್ತಿದೆ. ಸಿಗುತ್ತಲೇ ಇಲ್ಲ.

ಒಂದು ಉಳಿದೇ ಉಳಿಯುತ್ತದೆ. ರಾತ್ರಿ ಲೈಟ್ ಆರಿಸಿ, ಬಟ್ಟೆಯನ್ನು ಒಳಮಗ್ಗುಲು ಮಾಡಿ ಮೇಜಿನ ಮೇಲೆ ಹರವಿ, ಮೊಬೈಲ್ ಟಾರ್ಚನ್ನು ಮೇಲಿನಿಂದ ಅಲ್ಲ, ಪಕ್ಕದಿಂದ, ಬಟ್ಟೆಗೆ ತಾಗುವಷ್ಟು ಕೆಳಗೆ ಹಿಡಿಯಿರಿ. ನಿಂತ ಮುಳ್ಳಿನ ನೆರಳು ಉದ್ದಕ್ಕೆ ಬೀಳುತ್ತದೆ. ಅದೂ ಕಾಣದಿದ್ದರೆ ಕೈಯ ಹಿಂಭಾಗದಿಂದ ಸವರಿ ನೋಡಿ, ಅಂಗೈಗಿಂತ ಅಲ್ಲಿನ ಚರ್ಮಕ್ಕೆ ಬೇಗ ಗೊತ್ತಾಗುತ್ತದೆ. ಕಂಕುಳಿನ ಹೊಲಿಗೆ, ಕಾಲರಿನ ಮಡಿಕೆ, ಲೇಬಲ್ಲಿನ ಹಿಂದೆ, ಈ ಮೂರು ಜಾಗ ಬಿಡಬೇಡಿ. ನನಗೆ ಸಾಮಾನ್ಯವಾಗಿ ಲೇಬಲ್ಲಿನ ಹಿಂದೆಯೇ ಸಿಗುತ್ತದೆ.